ರಾತ್ರಿ ಆಕಾಶದ ಡಿಜಿಟಲ್ ಚಿತ್ರಗಳ ಗಾತ್ರ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಆಕಾಶ ವೀಕ್ಷಣೆಯ ರಾತ್ರಿಗಳಲ್ಲಿ ಕ್ಯಾಮೆರಾ ಹಿಡಿದು ಬಂದವರು, ಆಮೇಲೆ ಪತ್ರ ಬರೆದವರು, ಪ್ರಿಂಟ್ ಹಾಕಿಸಿ ಬೇಸರಪಟ್ಟು ಫೋನ್ ಮಾಡಿದವರು ಕೇಳಿದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಉದಾಹರಣೆ ಬೇಕಾದಲ್ಲೆಲ್ಲ ಹೆಚ್ಚಾಗಿ ಒಂದೇ ಚಿತ್ರವನ್ನು ಬಳಸಿದ್ದೇನೆ. ಏಪ್ರಿಲ್ ತಿಂಗಳ ಅಮಾವಾಸ್ಯೆಯ ಹಿಂದುಮುಂದಿನ ಒಂದು ರಾತ್ರಿ, ಮೂರು ಗಂಟೆಯ ಸುಮಾರಿಗೆ, ಸಾಗರ ತಾಲ್ಲೂಕಿನ ಹಳ್ಳಿಯೊಂದರ ಗದ್ದೆಯ ಬದುವಿನ ಮೇಲೆ ಟ್ರೈಪಾಡ್ ಇಟ್ಟು ತೆಗೆದ ವೃಶ್ಚಿಕ ರಾಶಿಯ ಮತ್ತು ಆಕಾಶಗಂಗೆಯ ಚಿತ್ರವದು. ಕ್ಯಾಮೆರಾ 24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್, ಲೆನ್ಸ್ 20 ಮಿ.ಮೀ., ಚಿತ್ರದ ಅಳತೆ 6000 × 4000 ಪಿಕ್ಸೆಲ್. ಇದರ ಒಂದೊಂದು ಪಿಕ್ಸೆಲ್ ಆಕಾಶದಲ್ಲಿ ಸುಮಾರು ಒಂದು ಆರ್ಕ್‌ಮಿನಿಟ್‌ನಷ್ಟು (ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು) ಅಗಲವನ್ನು ಹಿಡಿಯುತ್ತದೆ. ಹುಣ್ಣಿಮೆಯ ಚಂದ್ರ ಆ ಚೌಕಟ್ಟಿನೊಳಗೆ ಬಂದಿದ್ದರೆ ಅಡ್ಡಲಾಗಿ ಸುಮಾರು 30 ಪಿಕ್ಸೆಲ್ ಮಾತ್ರ ಇರುತ್ತಿದ್ದ.

## ಮೊದಲ ಪ್ರಶ್ನೆಗಳು

ಕ್ವಾಲಿಟಿ ಸ್ವಲ್ಪವೂ ಹಾಳಾಗದ ಹಾಗೆ ಫೋಟೊದ ಸೈಜ್ ಬದಲಿಸಲು ನಿಜವಾಗಿಯೂ ಆಗುತ್ತದೆಯೇ?

ಆಗುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡರೆ ಮುಂದಿನ ಕೆಲಸ ಹಗುರವಾಗುತ್ತದೆ. 6000 × 4000 ಅಳತೆಯ ಚಿತ್ರದಲ್ಲಿ 2 ಕೋಟಿ 40 ಲಕ್ಷ ಪಿಕ್ಸೆಲ್‌ಗಳಿವೆ; ಅದನ್ನು 1500 × 1000ಕ್ಕೆ ಇಳಿಸಿದಾಗ 15 ಲಕ್ಷ ಉಳಿಯುತ್ತವೆ. ಹದಿನಾರು ಪಿಕ್ಸೆಲ್‌ಗಳಲ್ಲಿದ್ದುದನ್ನೆಲ್ಲ ಒಂದರಲ್ಲಿ ತುಂಬಿಡುವ ತಂತ್ರಾಂಶ ಎಲ್ಲಿಯೂ ಇಲ್ಲ. ಆದರೆ ಏನನ್ನು ಬಿಡಬೇಕು, ಏನನ್ನು ಉಳಿಸಬೇಕು ಎಂಬುದು ನಮ್ಮ ಕೈಯಲ್ಲಿದೆ. ನಕ್ಷತ್ರಕ್ಕೆ ಚಿತ್ರದಲ್ಲಿ ತನ್ನದೇ ಆದ ಆಕಾರವಿಲ್ಲ. ನಾವು ಕಾಣುವ ಚುಕ್ಕೆಯನ್ನು ಲೆನ್ಸು, ವಾತಾವರಣ ಮತ್ತು ಸೆನ್ಸರ್ ಸೇರಿ ಮಾಡಿರುತ್ತವೆ. ಆದ್ದರಿಂದ ನಕ್ಷತ್ರದ ವಿಷಯದಲ್ಲಿ ಕಾಪಾಡಬೇಕಾದದ್ದು ಅದರ ಬೆಳಕಿನ ಪ್ರಮಾಣ, ಬಣ್ಣ, ಮತ್ತು ನೆರೆಯ ನಕ್ಷತ್ರಗಳಿಗೂ ಅದಕ್ಕೂ ಇರುವ ಹೊಳಪಿನ ತಾರತಮ್ಯ. ಇವು ಮೂರೂ ಉಳಿದರೆ ಚಿತ್ರ ಚೆನ್ನಾಗಿ ಕಿರಿದಾಗಿದೆ ಎಂದೇ ನಾನು ಎಣಿಸುತ್ತೇನೆ.

ನನ್ನ ಫೋಟೊ 12 ಎಂಬಿ ಇದೆ, 2 ಎಂಬಿ ಮಾಡಬೇಕು. ಇದೂ ರೀಸೈಜ್ ಮಾಡುವುದೇ ಅಲ್ಲವೇ?

ಎರಡೂ ಬೇರೆ ಕೆಲಸಗಳು. ಚಿತ್ರದ ಉದ್ದಗಲವನ್ನು ಪಿಕ್ಸೆಲ್‌ಗಳಲ್ಲಿ ಅಳೆಯುತ್ತೇವೆ. ಫೈಲು ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನು ಎಂಬಿಯಲ್ಲಿ ಹೇಳುತ್ತೇವೆ. ಉದ್ದಗಲವನ್ನು ಮುಟ್ಟದೆ ಜೆಪೆಗ್‌ನ ಗುಣಮಟ್ಟದ ಅಂಕಿಯನ್ನು ಇಳಿಸಿಯೂ 12 ಎಂಬಿಯನ್ನು 2 ಎಂಬಿ ಮಾಡಬಹುದು. ನಕ್ಷತ್ರಗಳ ಚಿತ್ರದಲ್ಲಿ ಇದು ಕೆಟ್ಟ ದಾರಿ. ಜೆಪೆಗ್ ಚಿತ್ರವನ್ನು 8 × 8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಪ್ರತಿ ಚೌಕದೊಳಗಿನ ಸೂಕ್ಷ್ಮ ಏರಿಳಿತಗಳನ್ನು ಮೊದಲು ಕೈಬಿಡುತ್ತದೆ, ಮತ್ತು ನಕ್ಷತ್ರವೆಂದರೆ ಅಂಥ ಸೂಕ್ಷ್ಮ ಏರಿಳಿತವೇ. ಎಂಬಿ ಕಡಿಮೆಯಾಗಲೇಬೇಕಿದ್ದರೆ ಉದ್ದಗಲವನ್ನು ಸರಿಯಾದ ಕ್ರಮದಲ್ಲಿ ಇಳಿಸಿ, ಗುಣಮಟ್ಟದ ಅಂಕಿಯನ್ನು 90ರ ಮೇಲೆಯೇ ಇಡುವುದು ಲೇಸು.

ಹಗಲಿನ ಫೋಟೊ ಎಷ್ಟು ಚಿಕ್ಕದು ಮಾಡಿದರೂ ಚೆನ್ನಾಗಿರುತ್ತದೆ. ನಕ್ಷತ್ರದ ಫೋಟೊ ಮಾತ್ರ ಏಕೆ ಸಪ್ಪೆಯಾಗುತ್ತದೆ?

ಹಗಲಿನ ಚಿತ್ರದಲ್ಲಿರುವ ಮುಖ, ಮರ, ಗೋಡೆ ಇವೆಲ್ಲ ನೂರಾರು ಪಿಕ್ಸೆಲ್‌ಗಳ ಮೇಲೆ ಹರಡಿಕೊಂಡಿರುತ್ತವೆ. ಅಕ್ಕಪಕ್ಕದ ಪಿಕ್ಸೆಲ್‌ಗಳು ಹೆಚ್ಚು ಕಡಿಮೆ ಒಂದೇ ರೀತಿ ಇರುವುದರಿಂದ ಅವುಗಳ ಸರಾಸರಿ ತೆಗೆದರೂ ಹೊಳಪು ಬದಲಾಗುವುದಿಲ್ಲ. ನಕ್ಷತ್ರ ಎರಡು ಮೂರು ಪಿಕ್ಸೆಲ್‌ಗಳಷ್ಟೇ ಅಗಲ; ಅದರ ಸುತ್ತ ಬರಿಯ ಕತ್ತಲೆ. ಅದನ್ನು ಸುತ್ತಲಿನ ಕತ್ತಲೆಯೊಡನೆ ಬೆರೆಸಿ ಸರಾಸರಿ ತೆಗೆದಾಗ ಹೊಳಪು ಇಳಿಯಲೇಬೇಕು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ನನ್ನ ವೃಶ್ಚಿಕದ ಚಿತ್ರವನ್ನು ಕಾಲುಭಾಗದ ಅಗಲಕ್ಕೆ ಇಳಿಸಿದಾಗ ಒಂದೇ ಪಿಕ್ಸೆಲ್‌ನಷ್ಟಿದ್ದ ನಕ್ಷತ್ರದ ಬೆಳಕು ಹದಿನಾರನೇ ಒಂದು ಭಾಗವಾಯಿತು, ಎಂದರೆ ನಕ್ಷತ್ರಗಳ ಕಾಂತಿಮಾನದ ಅಳತೆಯಲ್ಲಿ (ಇದರಲ್ಲಿ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು) ಮೂರು ಮೆಟ್ಟಿಲು ಕೆಳಗಿಳಿಯಿತು. ಆದರೆ ಆಕಾಶಗಂಗೆಯ ಮಬ್ಬು ಹೊಳಪು ಇದ್ದಂತೆಯೇ ಉಳಿಯಿತು, ಏಕೆಂದರೆ ಅದು ಹಗಲಿನ ಗೋಡೆಯಂತೆ ಎಲ್ಲ ಕಡೆ ಹರಡಿಕೊಂಡಿದೆ. ಆದ್ದರಿಂದ ಚಿಕ್ಕ ಚಿತ್ರದಲ್ಲಿ ಆಕಾಶಗಂಗೆ ಎದ್ದು ಕಾಣುತ್ತದೆ, ಸಣ್ಣ ನಕ್ಷತ್ರಗಳು ಹಿಂದೆ ಸರಿಯುತ್ತವೆ. ಇದನ್ನು ಯಾವಾಗಲೂ ದೋಷವೆನ್ನಲಾಗದು. ಆಕಾಶಗಂಗೆಯ ನಡುವಿನ ಕಪ್ಪು ಧೂಳಿನ ಹಾದಿಗಳನ್ನೇ ತೋರಿಸಬೇಕೆಂದಿದ್ದಾಗ ನಾನು ಇದನ್ನು ಬೇಕೆಂದೇ ಬಳಸಿಕೊಂಡಿದ್ದೇನೆ.

ಸ್ಟುಡಿಯೊದವರು 300 ಡಿಪಿಐ ಬೇಕು ಎನ್ನುತ್ತಾರೆ, ನನ್ನ ಫೈಲಿನಲ್ಲಿ 72 ಎಂದು ತೋರಿಸುತ್ತದೆ. ಫೋಟೊ ಉಪಯೋಗಕ್ಕೆ ಬರುವುದಿಲ್ಲವೇ?

ಖಂಡಿತ ಬರುತ್ತದೆ. ಫೈಲಿನೊಳಗಿನ 72 ಅಥವಾ 300 ಎಂಬುದು ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಹರಡಬೇಕೆಂದು ಹೇಳುವ ಚೀಟಿ ಮಾತ್ರ. ಅದನ್ನು ಬದಲಿಸಿದರೆ ಚಿತ್ರದ ಒಂದು ಪಿಕ್ಸೆಲ್ ಕೂಡ ಬದಲಾಗಬೇಕಿಲ್ಲ. ಗಾತ್ರ ಬದಲಿಸುವ ಕಿಟಕಿಯಲ್ಲಿ ರೀಸ್ಯಾಂಪಲ್ ಎಂಬ ಗುರುತನ್ನು ತೆಗೆದು 300 ಎಂದು ಬರೆಯಿರಿ. ಆ ಗುರುತನ್ನು ಹಾಗೆಯೇ ಬಿಟ್ಟು 72ನ್ನು 300 ಮಾಡಿದರೆ ತಂತ್ರಾಂಶ ಚಿತ್ರವನ್ನು ನಾಲ್ಕು ಪಟ್ಟಿಗೂ ಹೆಚ್ಚು ಅಗಲವಾಗಿ ಹಿಗ್ಗಿಸಿ, ಇಲ್ಲದ ಪಿಕ್ಸೆಲ್‌ಗಳನ್ನು ತುಂಬುತ್ತದೆ. ಎಷ್ಟೋ ಒಳ್ಳೆಯ ಚಿತ್ರಗಳು ಹೀಗೆಯೇ ಮಂಕಾಗಿರುವುದನ್ನು ನೋಡಿದ್ದೇನೆ.

ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಕೂಡಲೇ ಅರ್ಧ ನಕ್ಷತ್ರಗಳೇ ಮಾಯವಾಗುತ್ತವೆ. ಏನು ಮಾಡಬೇಕು?

ಫೋಟೊ ಎಂದು ಕಳಿಸಿದಾಗ ಅದು ಚಿತ್ರವನ್ನು ತಾನೇ ಕಿರಿದಾಗಿಸಿ ಮತ್ತೆ ಒತ್ತಿ ಕಳಿಸುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಫೈಲು ಇದ್ದಂತೆಯೇ ತಲುಪುತ್ತದೆ. ಇನ್‌ಸ್ಟಾಗ್ರಾಂಗೆ ಹಾಕುವಾಗ ಈ ಉಪಾಯವಿಲ್ಲ. ಅಲ್ಲಿ 1080 ಪಿಕ್ಸೆಲ್ ಅಗಲಕ್ಕೆ ನೀವೇ ಎಚ್ಚರಿಕೆಯಿಂದ ಇಳಿಸಿ ಹಾಕುವುದು, ದೊಡ್ಡ ಚಿತ್ರ ಕೊಟ್ಟು ಇಳಿಸುವ ಕೆಲಸವನ್ನು ಅದಕ್ಕೇ ಬಿಡುವುದಕ್ಕಿಂತ ಮೇಲು.

ಎಡಿಟಿಂಗ್ ಮಾಡುವ ಮೊದಲು ಸೈಜ್ ಇಳಿಸಬೇಕೋ, ಎಲ್ಲ ಮುಗಿದ ಮೇಲೋ?

ಎಲ್ಲ ಮುಗಿದ ಮೇಲೆ, ಒಂದೇ ಸಲ, ಪೂರ್ಣ ಗಾತ್ರದ ಮೂಲದಿಂದ. ಅದಕ್ಕೂ ಮೊದಲಿನ ಕೆಲಸಗಳಲ್ಲಿಯೂ ಮರೆಯಲ್ಲಿ ಗಾತ್ರಬದಲಾವಣೆಯಂಥದೇ ಲೆಕ್ಕ ನಡೆಯುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ದಿಗಂತ ಓರೆಯಾಗಿದೆಯೆಂದು ಚಿತ್ರವನ್ನು ಒಂದು ಡಿಗ್ರಿ ತಿರುಗಿಸಿದರೂ, ಲೆನ್ಸಿನ ಬಾಗುವಿಕೆಯನ್ನು ಸರಿಪಡಿಸಿದರೂ, ಹತ್ತು ಚಿತ್ರಗಳನ್ನು ನಕ್ಷತ್ರಕ್ಕೆ ನಕ್ಷತ್ರ ಹೊಂದಿಸಿ ಸ್ಟ್ಯಾಕ್ ಮಾಡಿದರೂ (ಒಂದರ ಮೇಲೊಂದು ಸೇರಿಸಿ ಒಂದೇ ಚಿತ್ರ ಮಾಡಿದರೂ) ಪ್ರತಿ ಪಿಕ್ಸೆಲ್ಲನ್ನು ಅಕ್ಕಪಕ್ಕದವುಗಳಿಂದ ಹೊಸದಾಗಿ ಲೆಕ್ಕಹಾಕಲಾಗುತ್ತದೆ, ಮತ್ತು ಪ್ರತಿ ಸಲವೂ ನಕ್ಷತ್ರ ಸ್ವಲ್ಪ ಮೆತ್ತಗಾಗುತ್ತದೆ. ಹಾಗಾಗಿ ತಿರುಗಿಸುವುದು, ಬಾಗು ತಿದ್ದುವುದು ಇವುಗಳನ್ನು ಸಾಧ್ಯವಾದಷ್ಟು ರಾ ಫೈಲು (ಕ್ಯಾಮೆರಾ ಹಿಡಿದದ್ದನ್ನು ತಿದ್ದದೆ ಇಟ್ಟ ಮೂಲ ಫೈಲು) ತೆರೆಯುವಾಗಲೇ ಒಟ್ಟಿಗೆ ಮುಗಿಸಬೇಕು. ಕ್ರಾಪ್ ಮಾಡುವುದರಿಂದ ಇಂಥ ನಷ್ಟವಿಲ್ಲ. ಅದು ಅಂಚನ್ನು ಕತ್ತರಿಸುತ್ತದೆ, ಉಳಿದದ್ದನ್ನು ಮುಟ್ಟುವುದಿಲ್ಲ.

ಮೊಬೈಲಿನಲ್ಲಿ 50 ಮೆಗಾಪಿಕ್ಸೆಲ್ ಎಂದಿದೆ, ನೈಟ್ ಮೋಡ್‌ನಲ್ಲಿ 12 ಮಾತ್ರ ಬರುತ್ತದೆ. ಮೋಸವೇ?

ಮೋಸವಲ್ಲ. ಅಂಥ ಸೆನ್ಸರ್‌ಗಳಲ್ಲಿ ಒಂದೇ ಬಣ್ಣದ ನಾಲ್ಕು ಪುಟ್ಟ ಪಿಕ್ಸೆಲ್‌ಗಳ ಬೆಳಕನ್ನು ಕೂಡಿಸಿ ಒಂದು ಮಾಡಲಾಗುತ್ತದೆ. ಕತ್ತಲಲ್ಲಿ ಅದೇ ಸರಿಯಾದ ಕ್ರಮ. ಬಲವಂತವಾಗಿ 50ರಲ್ಲಿ ತೆಗೆದರೆ ಸಿಗುವ ಹೆಚ್ಚುವರಿಯಲ್ಲಿ ಬಹುಪಾಲು ನಾಯ್ಸ್, ಅಂದರೆ ಅಡ್ಡಾದಿಡ್ಡಿಯಾದ ಕಾಳುಕಾಳು ಏರುಪೇರು.

## ಕಿರಿದಾಗಿಸುವಾಗ

ಸೈಜ್ ಇಳಿಸುವ ವಿಧಾನ ಯಾವುದೆಂದು ತಂತ್ರಾಂಶ ನಿಯರೆಸ್ಟ್, ಬೈಲೀನಿಯರ್, ಬೈಕ್ಯೂಬಿಕ್, ಲ್ಯಾಂಕ್ಜೋಸ್ ಎಂದೆಲ್ಲ ಕೇಳುತ್ತದೆ. ಯಾವುದನ್ನು ಒತ್ತಲಿ?

ನಿಯರೆಸ್ಟ್ ಎಂಬುದನ್ನು ಎಂದಿಗೂ ಬೇಡ. ಅದು ಸರಾಸರಿ ತೆಗೆಯುವುದೇ ಇಲ್ಲ. ನಿಗದಿತ ದೂರಕ್ಕೊಂದು ಪಿಕ್ಸೆಲ್ಲನ್ನು ಎತ್ತಿಕೊಂಡು ಉಳಿದವನ್ನು ಎಸೆಯುತ್ತದೆ. ಕಾಲುಭಾಗದ ಅಗಲಕ್ಕೆ ಇಳಿಸುವಾಗ 2 × 2 ಪಿಕ್ಸೆಲ್‌ನಷ್ಟಿರುವ ನಾಲ್ಕು ನಕ್ಷತ್ರಗಳಲ್ಲಿ ಸರಾಸರಿ ಮೂರು ಪೂರ್ತಿ ಮಾಯವಾಗುತ್ತವೆ, ಒಂದು ಮಾತ್ರ ಇದ್ದ ಹೊಳಪಿನಲ್ಲೇ ಉಳಿಯುತ್ತದೆ. ರಾಶಿಗಳ ಸ್ವರೂಪವೇ ಕೆಟ್ಟುಹೋಗುತ್ತದೆ. ಬೈಲೀನಿಯರ್ ಕೂಡ ಕೆಲವು ತಂತ್ರಾಂಶಗಳಲ್ಲಿ ಎಷ್ಟೇ ಇಳಿಸಿದರೂ ಹತ್ತಿರದ ನಾಲ್ಕೇ ಪಿಕ್ಸೆಲ್‌ಗಳನ್ನು ನೋಡುವುದರಿಂದ, ಅರ್ಧಕ್ಕಿಂತ ಕೆಳಗೆ ಇಳಿಸುವಾಗ ಅದೇ ತೊಂದರೆ ಸ್ವಲ್ಪ ಮೆಲ್ಲಗೆ ಮರುಕಳಿಸುತ್ತದೆ.

ಉಳಿದವುಗಳಲ್ಲಿ, ಸರಿಯಾಗಿ ಅರ್ಧ, ಮೂರನೇ ಒಂದು, ಕಾಲು ಹೀಗೆ ಪೂರ್ಣಸಂಖ್ಯೆಯಿಂದ ಭಾಗಿಸುವ ಅವಕಾಶವಿದ್ದರೆ ಸರಳವಾದ ಸರಾಸರಿಯೇ ಸಾಕು. ಬೆಳಕಿನ ಲೆಕ್ಕ ಅದರಲ್ಲಿ ಪೈಸೆಯೂ ತಪ್ಪುವುದಿಲ್ಲ. ಬೇರೆ ಅಳತೆಗಳಿಗೆ ಬೈಕ್ಯೂಬಿಕ್‌ನ ಮೆದುವಾದ ರೂಪ ನನ್ನ ಆಯ್ಕೆ. ಜಿಂಪ್ ಎಂಬ ಉಚಿತ ತಂತ್ರಾಂಶ ಬಳಸುವವರಿಗೆ 2.10ನೇ ಆವೃತ್ತಿಯಿಂದ ನೋಹ್ಯಾಲೊ ಮತ್ತು ಲೋಹ್ಯಾಲೊ ಎಂಬ ಆಯ್ಕೆಗಳಿವೆ. ಕಿರಿದಾಗಿಸುವಾಗ ಲೋಹ್ಯಾಲೊ ನಕ್ಷತ್ರಗಳಿಗೆ ಚೆನ್ನಾಗಿ ಒಗ್ಗುತ್ತದೆ.

ಚಿಕ್ಕದು ಮಾಡಿದ ಮೇಲೆ ದೊಡ್ಡ ನಕ್ಷತ್ರಗಳ ಸುತ್ತ ಕಪ್ಪು ಉಂಗುರ ಕಾಣಿಸುತ್ತಿದೆ. ಎಲ್ಲಿಂದ ಬಂತು?

ಲ್ಯಾಂಕ್ಜೋಸ್‌ನಿಂದ, ಇಲ್ಲವೇ ಬೈಕ್ಯೂಬಿಕ್‌ನ ಶಾರ್ಪರ್ ಎಂಬ ರೂಪದಿಂದ ಬಂದಿರಬೇಕು. ಈ ವಿಧಾನಗಳು ಹೊಸ ಪಿಕ್ಸೆಲ್ಲನ್ನು ಲೆಕ್ಕಹಾಕುವಾಗ ಹತ್ತಿರದ ಪಿಕ್ಸೆಲ್‌ಗಳನ್ನು ಕೂಡಿಸಿ, ತುಸು ದೂರದವುಗಳನ್ನು ಕಳೆಯುತ್ತವೆ. ಮರದ ಎಲೆ, ಅಕ್ಷರ ಮುಂತಾದವುಗಳ ಅಂಚು ಇದರಿಂದ ಚುರುಕಾಗುತ್ತದೆ. ಆದರೆ ಜ್ಯೇಷ್ಠಾ ನಕ್ಷತ್ರದಂಥ ಪ್ರಖರ ಚುಕ್ಕೆಯ ಪಕ್ಕದಲ್ಲಿ ಕಳೆಯುವ ಮೊತ್ತ ತೀರಾ ದೊಡ್ಡದಾಗಿ, ಸುತ್ತಲಿನ ಆಕಾಶ ಇರಬೇಕಾದುದಕ್ಕಿಂತ ಕಪ್ಪಾಗುತ್ತದೆ. ಹಿನ್ನೆಲೆ ಕಡುಗಪ್ಪಾಗಿದ್ದರೆ ಈ ಉಂಗುರ ಕಣ್ಣಿಗೆ ಬೀಳುವುದಿಲ್ಲ. ಆಕಾಶಗಂಗೆಯ ನಡುವೆ ಅಥವಾ ನೀಹಾರಿಕೆಯ ಮೇಲೆ ನಕ್ಷತ್ರವಿದ್ದಾಗ ಸೂಜಿಯಿಂದ ಚುಚ್ಚಿದಂತೆ ಕಾಣುತ್ತದೆ. ಪಿಕ್ಸ್‌ಇನ್‌ಸೈಟ್‌ನಂಥ ಖಗೋಳ ತಂತ್ರಾಂಶಗಳಲ್ಲಿ ಈ ಕಳೆಯುವಿಕೆಗೆ ಮಿತಿ ಹಾಕುವ ಕ್ಲ್ಯಾಂಪಿಂಗ್ ಎಂಬ ಸೌಲಭ್ಯವಿದೆ. ಅದಿಲ್ಲದ ಕಡೆ ಮೆದುವಾದ ವಿಧಾನವನ್ನೇ ಆರಿಸುವುದು ಕ್ಷೇಮ.

ಒಂದೇ ಏಟಿಗೆ ಇಳಿಸುವುದಕ್ಕಿಂತ ಹತ್ತು ಹತ್ತು ಶೇಕಡಾ ಇಳಿಸುತ್ತ ಬಂದರೆ ಒಳ್ಳೆಯದಂತೆ, ಹೌದೇ?

ಅಲ್ಲ. ಹಿಂದೆ ತಂತ್ರಾಂಶಗಳು ಕೆಲವೇ ಪಿಕ್ಸೆಲ್‌ಗಳನ್ನು ನೋಡಿ ಲೆಕ್ಕಹಾಕುತ್ತಿದ್ದಾಗ ಹುಟ್ಟಿದ ಸಲಹೆ ಇದು. ಇಂದಿನ ಒಳ್ಳೆಯ ವಿಧಾನಗಳು ಎಷ್ಟು ಇಳಿಸುತ್ತೇವೋ ಅಷ್ಟು ವಿಶಾಲವಾಗಿ ನೋಡುತ್ತವೆ. ಹತ್ತು ಸಲ ಇಳಿಸಿದರೆ ನಕ್ಷತ್ರ ಹತ್ತು ಸಲ ಮೆತ್ತಗಾಗುತ್ತದೆ, ಅಷ್ಟೆ.

ಸೈಜ್ ಇಳಿಸಿದರೆ ನಾಯ್ಸ್ ತಾನಾಗಿಯೇ ಹೋಗುತ್ತದೆ ಎನ್ನುತ್ತಾರೆ. ಎಷ್ಟು ನಿಜ?

ಬಹುಮಟ್ಟಿಗೆ ನಿಜ. ನಾಲ್ಕು ಪಿಕ್ಸೆಲ್‌ಗಳ ಸರಾಸರಿ ತೆಗೆದಾಗ, ಅವುಗಳ ನಾಯ್ಸ್ ಒಂದಕ್ಕೊಂದು ಸಂಬಂಧವಿಲ್ಲದ್ದಾದರೆ, ಅದು ಅರ್ಧಕ್ಕೆ ಇಳಿಯುತ್ತದೆ. ಹದಿನಾರರ ಸರಾಸರಿಯಲ್ಲಿ ಕಾಲುಭಾಗಕ್ಕೆ. ವಾಸ್ತವದಲ್ಲಿ ಲಾಭ ಇಷ್ಟು ಇರುವುದಿಲ್ಲ. ಬಣ್ಣದ ಕ್ಯಾಮೆರಾದ ಪ್ರತಿ ಪಿಕ್ಸೆಲ್ ಕೆಂಪು, ಹಸಿರು, ನೀಲಿ ಇವುಗಳಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ, ಉಳಿದೆರಡನ್ನು ಪಕ್ಕದವುಗಳಿಂದ ಎರವಲು ಪಡೆಯುತ್ತದೆ. ಹೀಗಾಗಿ ಅಕ್ಕಪಕ್ಕದ ನಾಯ್ಸ್ ಒಂದರೊಳಗೊಂದು ಬೆರೆತಿರುತ್ತದೆ. ಆದರೂ ಲಾಭ ಕಣ್ಣಿಗೆ ಕಾಣುವಷ್ಟು ಇರುತ್ತದೆ. ಕಿರಿದಾದ ಚಿತ್ರವನ್ನೇ ಕೊಡಬೇಕೆಂದಿದ್ದರೆ ನಾಯ್ಸ್ ತೆಗೆಯುವ ಕೆಲಸವನ್ನು ಹಗುರವಾಗಿ ಮಾಡಿ. ಪೂರ್ಣ ಗಾತ್ರದಲ್ಲಿ ನೋಡಿ ಗಾಬರಿಗೊಂಡು ನಾಯ್ಸ್ ಒರೆಸುವವರು ಅದರ ಜೊತೆಗೆ ಮಸುಕಾದ ನಕ್ಷತ್ರಗಳನ್ನೂ ಒರೆಸಿಬಿಡುತ್ತಾರೆ.

ಇಳಿಸಿದ ಮೇಲೆ ಶಾರ್ಪನ್ ಮಾಡಬೇಕೇ?

ಭೂದೃಶ್ಯ ಭಾಗಕ್ಕೆ, ಅಂದರೆ ಕೆಳಗಿನ ಮರ, ಬೆಟ್ಟ, ಮನೆಗಳಿಗೆ ಸ್ವಲ್ಪ ಮಾಡಬಹುದು. ಆಕಾಶಕ್ಕೆ ಮಾಸ್ಕ್ (ಆ ಭಾಗಕ್ಕೆ ಬದಲಾವಣೆ ತಟ್ಟದಂತೆ ಮಾಡುವ ಮರೆ) ಹಾಕಿ ಅದನ್ನು ಹೊರಗಿಡಿ.

ಕಂಪ್ಯೂಟರಿನಲ್ಲಿ ನುಣ್ಣಗಿದ್ದ ಆಕಾಶ ವೆಬ್‌ಗೆ ಹಾಕಿದ ಮೇಲೆ ಪಟ್ಟೆ ಪಟ್ಟೆಯಾಗಿದೆ. ಏಕೆ?

ದಿಗಂತದ ಬಳಿಯ ಊರಿನ ಬೆಳಕಿನಿಂದ ನೆತ್ತಿಯ ಕತ್ತಲೆಯವರೆಗೆ ಆಕಾಶ ಬಹಳ ನಿಧಾನವಾಗಿ ಬಣ್ಣ ಬದಲಿಸುತ್ತದೆ. ಕ್ಯಾಮೆರಾದ 14 ಬಿಟ್‌ನ ರಾ ಫೈಲಿನಲ್ಲಿ ಈ ಇಳಿಜಾರಿಗೆ 16,384 ಮೆಟ್ಟಿಲುಗಳ ಅವಕಾಶವಿದೆ, ಜೆಪೆಗ್‌ನ 8 ಬಿಟ್‌ನಲ್ಲಿ 256 ಮಾತ್ರ. ಆಕಾಶ ಇಡೀ ಹರವನ್ನು ಬಳಸದೆ ಕತ್ತಲ ತುದಿಯ ಇಪ್ಪತ್ತು ಮೂವತ್ತು ಮೆಟ್ಟಿಲುಗಳಲ್ಲೇ ಇರುವುದರಿಂದ ಒಂದೊಂದು ಮೆಟ್ಟಿಲೂ ಅಗಲವಾದ ಪಟ್ಟೆಯಾಗಿ ಕಾಣುತ್ತದೆ. ದೊಡ್ಡ ಚಿತ್ರದಲ್ಲಿ ನಾಯ್ಸ್ ಈ ಮೆಟ್ಟಿಲುಗಳ ಅಂಚನ್ನು ಮರೆಸುತ್ತಿತ್ತು. ಕಿರಿದಾಗಿಸಿದಾಗ ನಾಯ್ಸ್ ಹೋಗಿ ಅಂಚು ಬಯಲಾಯಿತು.

ಪರಿಹಾರ ಎರಡು ಹೆಜ್ಜೆಯದು. ಗಾತ್ರ ಇಳಿಸುವುದೂ ಸೇರಿ ಎಲ್ಲ ಕೆಲಸವನ್ನೂ 16 ಬಿಟ್‌ನ ಟಿಫ್ ಫೈಲಿನಲ್ಲೇ ಮಾಡಿ, 8 ಬಿಟ್‌ಗೆ ಕೊನೆಯಲ್ಲಿ ಬನ್ನಿ. ಹಾಗೆ ಬರುವ ಮುನ್ನ ಆಕಾಶಕ್ಕೆ ಕಂಡೂ ಕಾಣದಷ್ಟು ನಾಯ್ಸ್ ಸೇರಿಸಿ. ಒಂದು ಮೆಟ್ಟಿಲಿನ ಆಸುಪಾಸಿನಷ್ಟಿದ್ದರೆ ಸಾಕು. ಕಷ್ಟಪಟ್ಟು ತೆಗೆದ ನಾಯ್ಸನ್ನು ಮತ್ತೆ ಹಾಕಿಸುವುದು ವಿಚಿತ್ರವೆನಿಸಿದರೂ, ಪಟ್ಟೆಗಳನ್ನು ಇಷ್ಟು ಸುಲಭವಾಗಿ ಕರಗಿಸುವ ಬೇರೆ ಉಪಾಯ ನನಗೆ ಸಿಕ್ಕಿಲ್ಲ.

ಆರ್ದ್ರಾ ಕೆಂಪಗೆ ಬಂದಿತ್ತು. ಜೆಪೆಗ್ ಮಾಡಿದ ಮೇಲೆ ಬೂದುಬಣ್ಣವಾಯಿತು. ಬಣ್ಣ ಎಲ್ಲಿ ಹೋಯಿತು?

ಜೆಪೆಗ್ ಹೊಳಪನ್ನೂ ಬಣ್ಣವನ್ನೂ ಬೇರೆ ಬೇರೆಯಾಗಿ ಇಡುತ್ತದೆ, ಮತ್ತು 4:2:0 ಎಂಬ ಸಾಮಾನ್ಯ ಕ್ರಮದಲ್ಲಿ ಬಣ್ಣದ ಭಾಗವನ್ನು ಎರಡೂ ದಿಕ್ಕಿನಲ್ಲಿ ಅರ್ಧಕ್ಕೆ ಇಳಿಸುತ್ತದೆ. ನಾಲ್ಕು ಪಿಕ್ಸೆಲ್‌ಗಳಿಗೆ ಒಂದೇ ಬಣ್ಣ. ಮನುಷ್ಯನ ಕಣ್ಣು ಬಣ್ಣದ ಸೂಕ್ಷ್ಮವನ್ನು ಅಷ್ಟಾಗಿ ಗುರುತಿಸದ ಕಾರಣ ಹಗಲಿನ ಚಿತ್ರದಲ್ಲಿ ಇದು ತಿಳಿಯುವುದೇ ಇಲ್ಲ. ಆದರೆ ಎರಡು ಪಿಕ್ಸೆಲ್‌ನ ಕೆಂಪು ನಕ್ಷತ್ರದ ಬಣ್ಣ ಸುತ್ತಲಿನ ಆಕಾಶದ ಬಣ್ಣದೊಡನೆ ಬೆರೆತು ತಿಳಿಯಾಗಿಬಿಡುತ್ತದೆ. ಜಿಂಪ್‌ನಲ್ಲಿ ಜೆಪೆಗ್ ಉಳಿಸುವಾಗ ಹೆಚ್ಚಿನ ಆಯ್ಕೆಗಳೊಳಗೆ 4:4:4 ಎಂಬುದನ್ನು ಆರಿಸಿದರೆ ಬಣ್ಣ ಪೂರ್ತಿ ಉಳಿಯುತ್ತದೆ, ಫೈಲು ತುಸು ದೊಡ್ಡದಾಗುತ್ತದೆ. ನಷ್ಟಸಹಿತ ವೆಬ್‌ಪಿ ಕ್ರಮದಲ್ಲಿ 4:2:0 ಬಿಟ್ಟರೆ ಬೇರೆ ದಾರಿಯಿಲ್ಲದ ಕಾರಣ ನಕ್ಷತ್ರಗಳ ಚಿತ್ರಕ್ಕೆ ನಾನು ಅದನ್ನು ಬಳಸುವುದಿಲ್ಲ. ಸಣ್ಣ ಅಳತೆಯ ಚಿತ್ರವಾದರೆ ಪಿಎನ್‌ಜಿ ಎಲ್ಲಕ್ಕಿಂತ ನಿಶ್ಚಿಂತೆ.

ಟೈಮ್‌ಲ್ಯಾಪ್ಸ್ ವಿಡಿಯೊ ಮಾಡಿದಾಗ ನಕ್ಷತ್ರಗಳು ಮಿನುಗುತ್ತವೆ. ಆ ರಾತ್ರಿ ಅವು ಅಷ್ಟು ಮಿನುಗುತ್ತಿರಲಿಲ್ಲ.

ಇದು ಗಾತ್ರ ಇಳಿಸುವಾಗ ಹುಟ್ಟಿದ ಸುಳ್ಳು ಮಿನುಗು. 6000 ಪಿಕ್ಸೆಲ್ ಅಗಲದ ಚಿತ್ರವನ್ನು 4ಕೆ ವಿಡಿಯೊದ 3840ಕ್ಕೆ ಇಳಿಸಿದಾಗ ಹೊಸ ಒಂದು ಪಿಕ್ಸೆಲ್‌ಗೆ ಹಳೆಯ ಒಂದೂವರೆಗಿಂತ ಸ್ವಲ್ಪ ಹೆಚ್ಚು ಸಿಗುತ್ತವೆ. ನಕ್ಷತ್ರ ಆಕಾಶದಲ್ಲಿ ಸರಿಯುತ್ತ ಒಂದು ಚಿತ್ರದಲ್ಲಿ ಹೊಸ ಪಿಕ್ಸೆಲ್‌ನ ನಡುವೆ, ಮುಂದಿನದರಲ್ಲಿ ಎರಡರ ಗಡಿಯಲ್ಲಿ ಬೀಳುತ್ತದೆ. ನಡುವೆ ಬಿದ್ದಾಗ ಹೊಳೆಯುತ್ತದೆ, ಗಡಿಯಲ್ಲಿ ಬಿದ್ದಾಗ ಬೆಳಕು ಹಂಚಿಹೋಗಿ ಮಂಕಾಗುತ್ತದೆ. ವಿಡಿಯೊ ತಂತ್ರಾಂಶ ಅವಸರದ ವಿಧಾನವನ್ನು ಬಳಸಿದರಂತೂ ನಕ್ಷತ್ರ ಪೂರ್ತಿ ಆರಿ ಹೊತ್ತಿಕೊಳ್ಳುತ್ತದೆ. ಇಳಿಸುವ ಮೊದಲು ಮೂಲ ಚಿತ್ರಗಳಿಗೆ ಅರ್ಧದಿಂದ ಮುಕ್ಕಾಲು ಪಿಕ್ಸೆಲ್‌ನಷ್ಟು ಗೌಸಿಯನ್ ಮಬ್ಬು ಹಾಕಿ, ಬಿಡಿ ಚಿತ್ರಗಳನ್ನೇ ಮೊದಲು 3840ಕ್ಕೆ ತಂದು, ಆಮೇಲೆ ವಿಡಿಯೊ ಕಟ್ಟಿದರೆ ಇದು ಬಹುಪಾಲು ನಿಲ್ಲುತ್ತದೆ.

## ಹಿಗ್ಗಿಸುವಾಗ

ನನ್ನ 24 ಮೆಗಾಪಿಕ್ಸೆಲ್ ಫೋಟೊವನ್ನು ಎಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿದರೆ ಒಡೆಯುವುದಿಲ್ಲ?

ನೋಡುವವರು ಎಷ್ಟು ದೂರದಲ್ಲಿ ನಿಲ್ಲುತ್ತಾರೆ ಎಂಬುದರ ಮೇಲೆ ಹೋಗುತ್ತದೆ. ಸಾಮಾನ್ಯ ಕಣ್ಣು ಸುಮಾರು ಒಂದು ಆರ್ಕ್‌ಮಿನಿಟ್‌ನಷ್ಟು ಸೂಕ್ಷ್ಮವನ್ನು ಬೇರ್ಪಡಿಸಬಲ್ಲದು. 30 ಸೆಂ.ಮೀ. ದೂರದಲ್ಲಿ ಇದು ಇಂಚಿಗೆ ಸುಮಾರು 290 ಪಿಕ್ಸೆಲ್ ಆಗುತ್ತದೆ, ಮತ್ತು ಸ್ಟುಡಿಯೊದವರು ಹೇಳುವ 300 ಇದಕ್ಕೆ ಹೊಂದುತ್ತದೆ. 60 ಸೆಂ.ಮೀ. ದೂರಕ್ಕೆ 145, ಒಂದು ಮೀಟರಿಗೆ 87 ಸಾಕು. 6000 × 4000ರ ಚಿತ್ರ ನಮ್ಮಲ್ಲಿ ಎಲ್ಲ ಕಡೆ ಸಿಗುವ 12 × 18 ಇಂಚಿನ ಹಾಳೆಯ ಮೇಲೆ ಇಂಚಿಗೆ 333 ಪಿಕ್ಸೆಲ್ ಕೊಡುತ್ತದೆ. ಕೈಯಲ್ಲಿ ಹಿಡಿದು ನೋಡಬಹುದು. 24 × 36 ಇಂಚಿಗೆ ಹಾಕಿಸಿದರೆ 167 ಉಳಿಯುತ್ತದೆ, ಗೋಡೆಯ ಮೇಲಿನ ಚಿತ್ರಕ್ಕೆ ಧಾರಾಳವಾಯಿತು. ಆರಡಿ ಅಗಲ, ನಾಲ್ಕಡಿ ಎತ್ತರದ ಫ್ಲೆಕ್ಸ್‌ಗೆ 83 ಸಿಗುತ್ತದೆ, ಅದನ್ನು ಒಂದು ಮೀಟರಿಗಿಂತ ಹತ್ತಿರ ಬಂದು ಯಾರೂ ನೋಡುವುದಿಲ್ಲ. ಅಂದರೆ ಹೆಚ್ಚಿನ ಸಂದರ್ಭಗಳಲ್ಲಿ ಹಿಗ್ಗಿಸುವ ಅಗತ್ಯವೇ ಬರುವುದಿಲ್ಲ.

ಎಐ ಬಳಸಿ ನಾಲ್ಕು ಪಟ್ಟು ದೊಡ್ಡದು ಮಾಡಿದೆ. ಅದ್ಭುತವಾಗಿ ಬಂದಿದೆ. ತಪ್ಪೇನಾದರೂ ಇದೆಯೇ?

ಇದೆ, ಮತ್ತು ಅದನ್ನು ಸ್ಪಷ್ಟವಾಗಿ ಹೇಳಬೇಕೆನಿಸುತ್ತದೆ. ಆ ತಂತ್ರಾಂಶ ತಾನು ಕಲಿತ ಲಕ್ಷಾಂತರ ಚಿತ್ರಗಳನ್ನು ಆಧರಿಸಿ, ಇಲ್ಲಿ ಹೀಗಿರಬಹುದೆಂದು ಊಹಿಸಿ ತುಂಬುತ್ತದೆ. ಮನುಷ್ಯನ ಮುಖದಲ್ಲಿ ಹುಬ್ಬಿನ ಕೂದಲನ್ನು ಊಹಿಸಿದರೆ ಹೆಚ್ಚಿನ ಹಾನಿಯಿಲ್ಲದಿರಬಹುದು. ಆಕಾಶದಲ್ಲಿ ಒಂದೊಂದು ಚುಕ್ಕೆಗೂ ನಿರ್ದಿಷ್ಟ ಸ್ಥಾನವಿದೆ. ಸೆನ್ಸರ್ ಬಿಸಿಯಾಗಿ ಹೊತ್ತಿಕೊಂಡ ಕೆಟ್ಟ ಪಿಕ್ಸೆಲ್ಲನ್ನು ದುಂಡಗಿನ ನಕ್ಷತ್ರವಾಗಿ, ಒಂದಕ್ಕೊಂದು ತಾಗಿದ ಜೋಡಿ ನಕ್ಷತ್ರವನ್ನು ಒಂದೇ ಉದ್ದನೆಯ ಗೆರೆಯಾಗಿ, ನಾಯ್ಸನ್ನು ನೀಹಾರಿಕೆಯ ಎಳೆಯಾಗಿ ಅದು ಮಾರ್ಪಡಿಸಿರುವುದನ್ನು ನಾನು ನಕ್ಷತ್ರಪಟದೊಡನೆ ಹೋಲಿಸಿ ಕಂಡಿದ್ದೇನೆ. ಅಲಂಕಾರಕ್ಕೆ ಬಳಸಿದರೆ ಬಳಸಿ, ಹಾಗೆಂದು ಚಿತ್ರದ ಕೆಳಗೆ ಬರೆಯಿರಿ. ಸ್ಪರ್ಧೆಗೆ ಕಳಿಸುವ ಮುನ್ನ ಅದರ ನಿಯಮಗಳನ್ನು ಓದಿ.

ಹಾಗಾದರೆ ಇಲ್ಲದ ವಿವರವನ್ನು ನ್ಯಾಯವಾಗಿ ಪಡೆಯುವ ದಾರಿಯೇ ಇಲ್ಲವೇ?

ಒಂದಿದೆ. ಒಂದೇ ಚಿತ್ರದಿಂದ ಆಗದು, ಹಲವು ಚಿತ್ರಗಳಿದ್ದರೆ ಆಗುತ್ತದೆ. 1995ರ ಡಿಸೆಂಬರ್‌ನಲ್ಲಿ ಹಬಲ್ ದೂರದರ್ಶಕ ಸಪ್ತರ್ಷಿ ಮಂಡಲದ ಒಂದು ಪುಟ್ಟ ಖಾಲಿ ಜಾಗವನ್ನು ಹತ್ತು ದಿನ ನೋಡಿ 342 ಎಕ್ಸ್‌ಪೋಶರ್‌ಗಳನ್ನು ತೆಗೆಯಿತು. ಅದರ ಕ್ಯಾಮೆರಾದ ಪಿಕ್ಸೆಲ್‌ಗಳು ದೂರದರ್ಶಕದ ಸೂಕ್ಷ್ಮತೆಗೆ ಹೋಲಿಸಿದರೆ ದೊಡ್ಡವಾಗಿದ್ದವು. ಆದರೆ ಎಕ್ಸ್‌ಪೋಶರ್‌ಗಳ ನಡುವೆ ದೂರದರ್ಶಕವನ್ನು ಪಿಕ್ಸೆಲ್‌ನ ಭಿನ್ನಾಂಶದಷ್ಟು ಅತ್ತಿತ್ತ ಸರಿಸಿದ್ದರು. ಆ ಚಿತ್ರಗಳ ಬೆಳಕನ್ನು ಹನಿಹನಿಯಾಗಿ ಸೂಕ್ಷ್ಮವಾದ ಹೊಸ ಜಾಲರಿಯ ಮೇಲೆ ಬೀಳಿಸಿ ಕೂಡಿಸುವ ವಿಧಾನವನ್ನು ಆ್ಯಂಡ್ರೂ ಫ್ರುಕ್ಟರ್ ಮತ್ತು ರಿಚರ್ಡ್ ಹುಕ್ ರೂಪಿಸಿದರು. ಅದಕ್ಕೆ ಡ್ರಿಝಲ್, ಅಂದರೆ ತುಂತುರು ಎಂಬ ಹೆಸರು ಬಂತು. ಹಬಲ್ ಡೀಪ್ ಫೀಲ್ಡ್ ಎಂದು ಹೆಸರಾದ ಚಿತ್ರ ಸಿದ್ಧವಾದದ್ದು ಹೀಗೆ.

ಇಂದು ಉಚಿತವಾಗಿ ಸಿಗುವ ಡೀಪ್‌ಸ್ಕೈಸ್ಟ್ಯಾಕರ್ ಮತ್ತು ಸಿರಿಲ್‌ನಲ್ಲಿ ಇದೇ ಸೌಲಭ್ಯವಿದೆ. ಮೂರು ಷರತ್ತುಗಳು ಕೂಡಿಬರಬೇಕು: ಚಿತ್ರಗಳು ಹತ್ತಾರು ಇರಬೇಕು; ಅವು ಒಂದಕ್ಕೊಂದು ತುಸು ಸರಿದಿರಬೇಕು; ನಕ್ಷತ್ರಗಳು ಎರಡು ಪಿಕ್ಸೆಲ್‌ಗಿಂತ ಕಿರಿದಾಗಿರಬೇಕು. ನಕ್ಷತ್ರಗಳು ಆಗಲೇ ದಪ್ಪಗಿದ್ದರೆ ಡ್ರಿಝಲ್ ಫೈಲನ್ನು ದೊಡ್ಡದು ಮಾಡಿ ನಾಯ್ಸ್ ಹೆಚ್ಚಿಸುತ್ತದೆಯೇ ಹೊರತು ವಿವರ ಕೊಡುವುದಿಲ್ಲ.

## ಇನ್ನೂ ಆಳಕ್ಕೆ ಹೋಗುವವರಿಗೆ

ಎಷ್ಟು ಇಳಿಸಿದರೂ ವಿವರ ನಷ್ಟವಾಗದು ಎಂದು ಲೆಕ್ಕಹಾಕಿ ಹೇಳಲು ಬರುತ್ತದೆಯೇ?

ದೂರದರ್ಶಕದ ಚಿತ್ರಗಳಲ್ಲಿ ಬರುತ್ತದೆ. ಪಿಕ್ಸೆಲ್‌ನ ಅಗಲವನ್ನು ಮೈಕ್ರಾನ್‌ನಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ಮಿ.ಮೀ.ನಲ್ಲಿರುವ ಸಂಗಮದೂರದಿಂದ (ಫೋಕಲ್ ಲೆಂಗ್ತ್) ಭಾಗಿಸಿದರೆ ಒಂದು ಪಿಕ್ಸೆಲ್ ಎಷ್ಟು ಆರ್ಕ್‌ಸೆಕೆಂಡ್ (ಆರ್ಕ್‌ಮಿನಿಟ್‌ನ ಅರವತ್ತನೇ ಒಂದು ಭಾಗ) ಎಂಬುದು ಸಿಗುತ್ತದೆ. 8 ಅಂಗುಲದ, ಸುಮಾರು 2,000 ಮಿ.ಮೀ. ಸಂಗಮದೂರದ ದೂರದರ್ಶಕಕ್ಕೆ 3.76 ಮೈಕ್ರಾನ್‌ನ ಕ್ಯಾಮೆರಾ ಹಾಕಿದರೆ ಒಂದು ಪಿಕ್ಸೆಲ್ 0.39 ಆರ್ಕ್‌ಸೆಕೆಂಡ್. ವಾತಾವರಣದ ಅಲುಗಾಟ ನಕ್ಷತ್ರವನ್ನು 3 ಆರ್ಕ್‌ಸೆಕೆಂಡ್ ಅಗಲಕ್ಕೆ ಹರಡಿದ ರಾತ್ರಿ ಅದು ಸುಮಾರು 8 ಪಿಕ್ಸೆಲ್ ದಪ್ಪವಾಗಿರುತ್ತದೆ. ನಕ್ಷತ್ರದ ಅರ್ಧ ಹೊಳಪಿನ ಅಗಲ ಎರಡೂವರೆ ಪಿಕ್ಸೆಲ್‌ನಷ್ಟಿದ್ದರೆ ಸಾಕಾಗುವುದರಿಂದ ಈ ಚಿತ್ರವನ್ನು ಮೂರನೇ ಒಂದು ಭಾಗಕ್ಕೆ ಇಳಿಸಿದರೂ ಕಳೆದುಹೋಗುವಂಥದು ಹೆಚ್ಚೇನಿಲ್ಲ, ನಾಯ್ಸ್ ಕಡಿಮೆಯಾಗುವ ಲಾಭವೇ ಇದೆ. ಅಗಲ ಲೆನ್ಸಿನ ಆಕಾಶಗಂಗೆಯ ಚಿತ್ರಕ್ಕೆ ಇಂಥ ಉಳಿಕೆ ಇರುವುದಿಲ್ಲ. ಅಲ್ಲಿ ಇಳಿಸಿದ್ದೆಲ್ಲವೂ ನಷ್ಟವೇ.

ಎಲ್ಲವನ್ನೂ ಸರಿಯಾಗಿ ಮಾಡಿದರೂ ಮಸುಕಾದ ನಕ್ಷತ್ರಗಳು ಇರಬೇಕಾದುದಕ್ಕಿಂತ ಮಸುಕಾಗಿವೆ. ಲೆಕ್ಕ ಎಲ್ಲಿ ತಪ್ಪುತ್ತಿದೆ?

ಇದು ನನಗೆ ಬಂದ ಪ್ರಶ್ನೆಗಳಲ್ಲೇ ಒಳ್ಳೆಯದು, ಮತ್ತು ಉತ್ತರ ಫೈಲಿನೊಳಗಿನ ಅಂಕಿಗಳಲ್ಲಿದೆ. ಪರದೆಗೆ ಸಿದ್ಧವಾದ ಚಿತ್ರದಲ್ಲಿ 0ಯಿಂದ 255ರವರೆಗಿನ ಅಂಕಿಗಳು ಬೆಳಕಿನ ಪ್ರಮಾಣಕ್ಕೆ ನೇರವಾಗಿ ಹೊಂದುವುದಿಲ್ಲ. ಕತ್ತಲ ಭಾಗಕ್ಕೆ ಹೆಚ್ಚು ಮೆಟ್ಟಿಲು ಸಿಗಲೆಂದು ಅವುಗಳನ್ನು ಗಾಮಾ ಎಂಬ ವಕ್ರರೇಖೆಯ ಮೂಲಕ ಹಾಯಿಸಿರುತ್ತಾರೆ. 255ರ ಅರ್ಧದಷ್ಟು ಬೆಳಕನ್ನು ಸೂಚಿಸುವ ಅಂಕಿ 128 ಅಲ್ಲ, 188. ಆದರೆ ಬಹಳಷ್ಟು ತಂತ್ರಾಂಶಗಳು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅಂಕಿಗಳ ಸರಾಸರಿಯನ್ನೇ ತೆಗೆಯುತ್ತವೆ.

ನಾಲ್ಕು ಪಿಕ್ಸೆಲ್‌ಗಳಲ್ಲಿ ಒಂದು 255, ಉಳಿದ ಮೂರು 0 ಎಂದಿಟ್ಟುಕೊಳ್ಳಿ. ಅಂಕಿಗಳ ಸರಾಸರಿ 64. ಬೆಳಕಿನ ಸರಾಸರಿ ಕಾಲುಭಾಗ, ಅದನ್ನು ಸೂಚಿಸಬೇಕಾದ ಅಂಕಿ 137. 64 ಎಂದು ಬರೆದಾಗ ಪರದೆಯಿಂದ ಹೊರಡುವ ಬೆಳಕು ಶೇಕಡಾ 5ರಷ್ಟು ಮಾತ್ರ. ಬರಬೇಕಾದ ಬೆಳಕಿನ ಐದನೇ ಒಂದು ಭಾಗ ಬಂತು. ಕಾಂತಿಮಾನದಲ್ಲಿ ಹೇಳುವುದಾದರೆ ಆ ನಕ್ಷತ್ರ ಕಾರಣವಿಲ್ಲದೆ 1.7ರಷ್ಟು ಕೆಳಗಿಳಿಯಿತು. ಇಂಥ ಇಳಿತದಲ್ಲಿ ಕೃತ್ತಿಕೆಯ ಆರು ನಕ್ಷತ್ರಗಳಲ್ಲಿ ಮಸುಕಾದವು ಕಣ್ಮರೆಯಾಗುವುದು ಆಶ್ಚರ್ಯವಲ್ಲ.

ನಿಮ್ಮ ತಂತ್ರಾಂಶ ಹೇಗೆ ಲೆಕ್ಕಹಾಕುತ್ತದೆ ಎಂದು ತಿಳಿಯಲು ಒಂದು ಪಿಕ್ಸೆಲ್ ಕಪ್ಪು, ಒಂದು ಪಿಕ್ಸೆಲ್ ಬಿಳಿಯ ಚದುರಂಗದ ಹಾಸನ್ನು ಬರೆದು ಸರಿಯಾಗಿ ಅರ್ಧಕ್ಕೆ ಇಳಿಸಿ ನೋಡಿ. ಬಂದ ಬೂದುಬಣ್ಣ 188ರ ಆಸುಪಾಸಿನಲ್ಲಿದ್ದರೆ ಬೆಳಕಿನ ಲೆಕ್ಕ ಸರಿಯಿದೆ, 128ರ ಬಳಿ ಇದ್ದರೆ ಇಲ್ಲ. ಜಿಂಪ್‌ನಲ್ಲಿ ಚಿತ್ರದ ನಿಖರತೆಯನ್ನು 32 ಬಿಟ್ ಫ್ಲೋಟಿಂಗ್ ಪಾಯಿಂಟ್, ಲೀನಿಯರ್ ಲೈಟ್ ಎಂದು ಬದಲಿಸಿ ಇಳಿಸಬೇಕು. ಫೋಟೊಶಾಪ್‌ನಲ್ಲಿ 32 ಬಿಟ್‌ಗೆ ಹೋಗಿ ಇಳಿಸಿ, ಮತ್ತೆ 16ಕ್ಕೆ ಬರಬೇಕು.

ಇದಕ್ಕೂ ಒಂದು ಬೆಲೆಯಿದೆ. ಬೆಳಕಿನ ಲೆಕ್ಕ ಸರಿಯಾದಾಗ ಪ್ರಖರ ನಕ್ಷತ್ರಗಳ ಅಂಚೂ ಹೊಳೆದು ಅವು ಸ್ವಲ್ಪ ದಪ್ಪಗೆ ಕಾಣುತ್ತವೆ. ಆಕಾಶಗಂಗೆಯ ಕಪ್ಪು ಹಾದಿಗಳು ಸುತ್ತಲಿನ ಸಣ್ಣ ನಕ್ಷತ್ರಗಳ ಬೆಳಕಿನಿಂದ ತುಂಬಿಕೊಂಡು ಮಾಸುತ್ತವೆ. ಲ್ಯಾಂಕ್ಜೋಸ್‌ನ ಕಪ್ಪು ಉಂಗುರ ಇನ್ನಷ್ಟು ಗಾಢವಾಗುತ್ತದೆ. ಆದ್ದರಿಂದ ನಾನು ನಕ್ಷತ್ರಗಳೇ ಮುಖ್ಯವಾದ ಚಿತ್ರವನ್ನು ಹೀಗೆ ಇಳಿಸುತ್ತೇನೆ; ಧೂಳಿನ ಹಾದಿ, ಕಪ್ಪು ನೀಹಾರಿಕೆಗಳು ಮುಖ್ಯವಾದದ್ದನ್ನು ಹಳೆಯ ಕ್ರಮದಲ್ಲೇ ಇಳಿಸುತ್ತೇನೆ. ನನ್ನ ವೃಶ್ಚಿಕದ ಚಿತ್ರವನ್ನು ಎರಡೂ ರೀತಿ ಇಳಿಸಿ ಪಕ್ಕಪಕ್ಕ ಇಟ್ಟಾಗ, ಚೇಳಿನ ಕೊಂಡಿಯ ಸುತ್ತಲಿನ ಸಣ್ಣ ನಕ್ಷತ್ರಗಳು ಒಂದರಲ್ಲಿ ಇದ್ದವು, ಇನ್ನೊಂದರಲ್ಲಿ ಇರಲಿಲ್ಲ.

ನಕ್ಷತ್ರದ ಹೊಳಪನ್ನು ಅಳೆಯಲು ಗಾತ್ರ ಬದಲಿಸಿದ ಫೋಟೊ ಬಳಸಬಹುದೇ?

ಬಳಸಬಾರದು. ಅಳತೆಗೆ ಕ್ಯಾಮೆರಾ ಹಿಡಿದ ಬೆಳಕಿನ ಮೂಲ ಎಣಿಕೆ ಬೇಕು, ಅದು ರಾ ಫೈಲಿನಲ್ಲಿ ಮಾತ್ರ ಇರುತ್ತದೆ. ವೇಧಶಾಲೆಗಳು ಇದೇ ಕಾರಣಕ್ಕೆ 1981ರಿಂದ ಬಳಕೆಯಲ್ಲಿರುವ ಫಿಟ್ಸ್ ಎಂಬ ಫೈಲು ಕ್ರಮದಲ್ಲಿ ಎಣಿಕೆಯನ್ನು ಇದ್ದಂತೆಯೇ ಇಡುತ್ತವೆ. ಲಡಾಖ್‌ನ ಹಾನ್ಲೆಯಲ್ಲಿದ್ದು ಬೆಂಗಳೂರಿನ ಬಳಿಯ ಹೊಸಕೋಟೆಯಿಂದ ನಿಯಂತ್ರಿಸಲ್ಪಡುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕದ ದತ್ತಾಂಶವೂ ಇದೇ ರೂಪದಲ್ಲಿರುತ್ತದೆ.

2019ರ ಕೊನೆಯಲ್ಲಿ ಆರ್ದ್ರಾ ಮಂಕಾಗತೊಡಗಿ, 2020ರ ಫೆಬ್ರವರಿಯ ಹೊತ್ತಿಗೆ ಕಾಂತಿಮಾನ ಸುಮಾರು 1.6ಕ್ಕೆ ಇಳಿದು, ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಇನ್ನೊಂದು ಭುಜದ ಬೆಲಾಟ್ರಿಕ್ಸ್‌ಗೆ ಸಮನಾಯಿತು. ಆಗ ನಾನು ಹಿಂದಿನ ವರ್ಷಗಳ ಚಿತ್ರಗಳನ್ನು ಹುಡುಕಿದೆ. ಮಹಾವ್ಯಾಧನ ಎರಡು ಹಳೆಯ ಚಿತ್ರಗಳು ಸಿಕ್ಕವು. ಒಂದರ ರಾ ಫೈಲು ಇತ್ತು. ಎಕ್ಸ್‌ಪೋಶರ್ ಚಿಕ್ಕದಾಗಿದ್ದರಿಂದ ಆರ್ದ್ರಾ ಉರಿದುಹೋಗಿರಲಿಲ್ಲ, ಬೆಲಾಟ್ರಿಕ್ಸ್‌ಗಿಂತ ಅದು ಎಷ್ಟು ಪಟ್ಟು ಹೊಳೆಯುತ್ತಿತ್ತೆಂದು ಎಣಿಸಿ ಬರೆದಿಟ್ಟುಕೊಂಡೆ. ಇನ್ನೊಂದರದು 1080 ಪಿಕ್ಸೆಲ್‌ನ ಜೆಪೆಗ್ ಮಾತ್ರ ಉಳಿದಿತ್ತು. ಅದರಲ್ಲಿ ಎರಡು ನಕ್ಷತ್ರಗಳೂ ಒಂದೇ ಅಳತೆಯ ಬಿಳಿ ಚುಕ್ಕೆಗಳಾಗಿದ್ದವು.